ಅಂತರಗಂಗೆ ಮುಚ್ಚಿದ ಕೆರೆಯಲ್ಲಿ ಬೋಟಿಂಗ್ ಉಳಿಸಿಕೊಳ್ಳಲು ಯಾವ ದಾರಿ ಅಗ್ಗ?

ಕೆರೆ ಸ್ವಚ್ಛ ಮಾಡಿಸಲು ಹೊರಟವರು ಮೊದಲು ಕೇಳುವುದು "ಎಕರೆಗೆ ಎಷ್ಟು?" ಅಂತ. ನೀರು ಕುಡಿಯಲಿಕ್ಕೋ ಹೊಲಕ್ಕೋ ಬೇಕಿದ್ದರೆ ಆ ಪ್ರಶ್ನೆ ಸರಿ. ಬೋಟು ನಡೆಸುವವರಿಗೆ, ದಂಡೆಯ ಉದ್ಯಾನಕ್ಕೆ ಟಿಕೆಟ್ ಹರಿಯುವವರಿಗೆ, ಹಕ್ಕಿ ನೋಡಲು ಬರುವವರನ್ನು ನಂಬಿದವರಿಗೆ ಅದು ದಾರಿ ತಪ್ಪಿಸುವ ಪ್ರಶ್ನೆ. ಅವರು ಕೇಳಬೇಕಾದದ್ದು "ಬೋಟು ನಡೆದ ಒಂದು ದಿನಕ್ಕೆ ಎಷ್ಟು ಬಿತ್ತು?" ಎಂದು. ಈ ಅಳತೆ ಹಿಡಿದು ನೋಡಿದರೆ ಅಗ್ಗ ಅನಿಸಿದ್ದು ದುಬಾರಿಯಾಗುತ್ತದೆ, ದುಬಾರಿ ಅನಿಸಿದ್ದು ಅಗ್ಗವಾಗುತ್ತದೆ.

ಕಲಬುರಗಿಯ ಅಪ್ಪನ ಕೆರೆ, ಬೀದರಿನ ಪಾಪನಾಶ ಕೆರೆ, ಯಾದಗಿರಿಯ ಲುಂಬಿನಿ ವನದ ಕೆರೆಯಂಥ ಊರೊಳಗಿನ ನೀರಿಗೂ, ಚಿಂಚೋಳಿಯ ಚಂದ್ರಂಪಳ್ಳಿ ಅಥವಾ ಬೀದರ್ ಜಿಲ್ಲೆಯ ಕಾರಂಜಾದಂಥ ಜಲಾಶಯಕ್ಕೂ, ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ಹಾಗಾಗಿ ಹಣ ಬಿಚ್ಚುವ ಮೊದಲು ಎರಡು ಕೆಲಸ ಇವೆ: ಗಿಡ ಯಾವುದೆಂದು ಗುರುತಿಸುವುದು, ಅದರ ತೂಕ ಹಾಕುವುದು.

ಮೊದಲು ಗಿಡ ಯಾವುದು ನೋಡಿ

ನಮ್ಮ ಕಡೆ ತೇಲುವ ಕಳೆಗೆಲ್ಲ ಅಂತರಗಂಗೆ ಅನ್ನುತ್ತೇವೆ, ಕೆಲವರು ಜಲಕುಂಭಿ ಅನ್ನುತ್ತಾರೆ. ಹಳೆಯ ಹೆಸರಿನ ಅಂತರಗಂಗೆ ನಿಜಕ್ಕೆ ಎಲೆಕೋಸಿನ ಮರಿಯಂತೆ ಕಾಣುವ, ಎಲೆ ಮೇಲೆ ಮಖಮಲ್ಲಿನ ರೋಮ ಇರುವ ಗಿಡ. ಈಗ ಕೆರೆ ಮುಚ್ಚುತ್ತಿರುವುದು ಹೆಚ್ಚಾಗಿ ವಾಟರ್ ಹಯಸಿಂತ್: ತೊಟ್ಟು ಬಲೂನಿನಂತೆ ಉಬ್ಬಿರುತ್ತದೆ, ಹೂ ನೇರಳೆ, ಬೇರು ಕಪ್ಪು ಜುಟ್ಟಿನ ಹಾಗೆ ನೀರಲ್ಲಿ ಇಳಿಬಿದ್ದಿರುತ್ತದೆ. ದಕ್ಷಿಣ ಅಮೆರಿಕದ ಈ ಗಿಡ ಹೂವಿನ ಅಂದಕ್ಕೆಂದೇ ದೇಶ ದೇಶ ತಿರುಗಿ, 19ನೇ ಶತಮಾನದ ಕೊನೆಗೆ ಬಂಗಾಳದ ಮೂಲಕ ನಮಗೆ ಬಂತು. ಇಲ್ಲಿ ಅಂತರಗಂಗೆ ಎಂದಾಗ ಇದನ್ನೇ ತಿಳಿಯಿರಿ.

ದಂಡೆಯಲ್ಲಿ ಬೇರೂರಿ ನಿಂತ ಆಪು ಅಥವಾ ಜೊಂಡು ಬೇರೆ ಸಮಸ್ಯೆ. ಅದನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೊಯ್ದರೆ ಕೊಳವೆಯಂಥ ಕಾಂಡದೊಳಗೆ ನೀರು ನುಗ್ಗಿ ಬೇರಿಗೆ ಗಾಳಿ ಕಟ್ಟಾಗುತ್ತದೆ. ನೀರಿನೊಳಗೇ ಬೆಳೆದು ಪೆಡಲ್ ಬೋಟಿನ ಗಾಲಿಗೆ ಸುತ್ತಿಕೊಳ್ಳುವ ಹೈಡ್ರಿಲ್ಲಾ ಇನ್ನೊಂದು ಬಗೆ. ಹುಲ್ಲುಗೆಂಡೆ ಮೀನು ಬಿಟ್ಟರೆ ಕಳೆ ಹೋಗುತ್ತದೆ ಎಂಬ ಸಲಹೆ ಹೈಡ್ರಿಲ್ಲಾಕ್ಕೆ ನಿಜ. ಅಂತರಗಂಗೆಗೆ ಸುಳ್ಳು, ಆ ಮೀನು ಇದನ್ನು ಮೂಸಿಯೂ ನೋಡುವುದಿಲ್ಲ ಎನ್ನಬಹುದು.

ತೂಕ ಮತ್ತು ವೇಗ

ಒಂದು ಮೀಟರ್ ಚೌಕದ ಪಿವಿಸಿ ಪೈಪಿನ ಚೌಕಟ್ಟು ಮಾಡಿ. ಕಳೆಯ ಮೇಲೆ ಐದಾರು ಕಡೆ ಇಟ್ಟು, ಒಳಗಿನ ಗಿಡವನ್ನು ಬೇರುಸಮೇತ ಎತ್ತಿ, ಹತ್ತು ನಿಮಿಷ ನೀರು ಸೋರಲು ಬಿಟ್ಟು ತೂಗಿ. ದಟ್ಟವಾಗಿದ್ದರೆ ಚದರ ಮೀಟರಿಗೆ 20 ರಿಂದ 40 ಕಿಲೋ ಬರುತ್ತದೆ. 20 ಕಿಲೋ ಹಿಡಿದರೂ ಒಂದು ಹೆಕ್ಟೇರಿಗೆ 200 ಟನ್ ಆಯಿತು. ಇದರಲ್ಲಿ ನೂರಕ್ಕೆ 93–95 ಪಾಲು ನೀರೇ. ಅಂದರೆ ನೀವು ದುಡ್ಡು ಕೊಟ್ಟು ಹೊರಿಸುವುದು ನೀರನ್ನು. ಲೆಕ್ಕ ತಪ್ಪುವುದೂ ಇಲ್ಲಿಯೇ.

ತೂಕಕ್ಕಿಂತ ಗಾತ್ರ ಕಾಡುತ್ತದೆ. ಹಸಿ ಗಿಡ ಸಡಿಲವಾಗಿ ರಾಶಿ ಬಿದ್ದರೆ ಘನ ಮೀಟರಿಗೆ ಸುಮಾರು 100 ಕಿಲೋ ಅಷ್ಟೇ. ಟ್ರ್ಯಾಕ್ಟರ್ ಟ್ರಾಲಿಗೆ ಗುಡ್ಡೆ ಏರಿಸಿ 5 ಘನ ಮೀಟರ್ ತುಂಬಿದರೂ ಹೋಗುವುದು ಅರ್ಧ ಟನ್. ಎರಡು ಹೆಕ್ಟೇರಿನ 400 ಟನ್ ಕಳೆಗೆ 800 ಟ್ರಿಪ್! ಆದ್ದರಿಂದ ಎತ್ತಿದ ದಿನವೇ ಸಾಗಿಸಬೇಡಿ. ದಂಡೆಯ ಮೇಲೆ ತೆಳ್ಳಗೆ ಹರವಿ ಒಂದು ವಾರ ನಮ್ಮ ಬಿಸಿಲಿಗೆ ಬಿಟ್ಟರೆ ಗಾತ್ರ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಮಾರ್ಚ್–ಮೇ ತಿಂಗಳ ಕಲಬುರಗಿ ಬಿಸಿಲು ಈ ಒಂದು ಕೆಲಸಕ್ಕಾದರೂ ಪುಕ್ಕಟೆ ಕೂಲಿ. ರಾಶಿ ಹಾಕುವ ಜಾಗ ಮಾತ್ರ ತುಂಬಿದ ಕೆರೆಯ ನೀರು ಮುಟ್ಟದಷ್ಟು ಮೇಲಿರಲಿ. ಮಣ್ಣಿನ ಏರಿಯ ಇಳಿಜಾರಿನಲ್ಲಿ ಬೇಡ. ಅಲ್ಲಿ ರಾಶಿ ಕೊಳೆತರೆ ಏರಿಯಲ್ಲಿ ನೀರು ಜಿನುಗುವುದು ಕಣ್ಣಿಗೆ ಬೀಳುವುದಿಲ್ಲ, ಹೆಗ್ಗಣ ಸೇರಿಕೊಳ್ಳುತ್ತವೆ.

ಇನ್ನು ವೇಗ. ಬೆಚ್ಚಗಿನ, ಚರಂಡಿ ಸೇರಿದ ನೀರಿನಲ್ಲಿ ಈ ಗಿಡ ಒಂದು–ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ. ಎರಡು ವಾರ ಎಂದೇ ಇಟ್ಟುಕೊಳ್ಳಿ. ಕೆರೆಯ ಹತ್ತರಲ್ಲೊಂದು ಪಾಲು ಕಳೆ ಬಿಟ್ಟು ಗುತ್ತಿಗೆದಾರ ಹೊರಟುಹೋದರೆ 10, 20, 40, 80 ಅಂತ ಆರೇ ವಾರಕ್ಕೆ ಕೆರೆ ಮುಚ್ಚುತ್ತದೆ. ನೂರಕ್ಕೆ ಒಂದು ಪಾಲು ಮಾತ್ರ ಉಳಿದಿದ್ದರೆ ಅಷ್ಟೇ ಮುಚ್ಚಲು ಹನ್ನೆರಡು ವಾರ ದಾಟುತ್ತದೆ. ಕೊನೆಯ ಆ ಒಂಬತ್ತು ಪಾಲು ಕೀಳಲು ಬಿದ್ದ ಕೂಲಿಗೆ ಸಿಕ್ಕ ಪ್ರತಿಫಲ ಮೊದಲ ತೊಂಬತ್ತಕ್ಕೂ ಸಿಕ್ಕಿರುವುದಿಲ್ಲ.

ನಷ್ಟವನ್ನು ಹೀಗೆ ಲೆಕ್ಕ ಹಾಕಿ

ಕೆಳಗಿನ ರೂಪಾಯಿಗಳು ಲೆಕ್ಕದ ರೀತಿ ತೋರಿಸಲು ಹಾಕಿಕೊಂಡವು, ನಿಮ್ಮ ಕೆರೆಯ ದರ ತುಂಬಿಕೊಳ್ಳಿ. ಹತ್ತು ಎಕರೆ ಕೆರೆ, ಅರ್ಧ ಮುಚ್ಚಿದೆ. ಬೋಟಿಂಗ್ ವಸೂಲಿ ಶನಿವಾರ, ಭಾನುವಾರ ದಿನಕ್ಕೆ 6,000 ರೂ., ಉಳಿದ ದಿನ 1,500 ರೂ. ಅಂದರೆ ವಾರಕ್ಕೆ 19,500, ದಿನದ ಸರಾಸರಿ ಸುಮಾರು 2,786. ಜುಲೈ ನಡುವಿನಿಂದ 16 ವಾರ ಬೋಟು ದಂಡೆಗೆ ಕಟ್ಟಿದರೆ ಟಿಕೆಟ್ ನಷ್ಟವೇ 3.12 ಲಕ್ಷ.

ಮೊದಲ ದಾರಿ: ಒಮ್ಮೆ ಯಂತ್ರ ತರಿಸಿ 6 ಲಕ್ಷಕ್ಕೆ ಎಲ್ಲ ತೆಗೆಸಿದಿರಿ, ಕಾವಲು ಇಡಲಿಲ್ಲ, 90 ದಿನದಲ್ಲಿ ಕಳೆ ಮರಳಿತು. ಬೋಟು ನಡೆದ ದಿನಕ್ಕೆ ಬಿದ್ದದ್ದು 6,667 ರೂ. ಎರಡನೆಯದು: ಕೈಯಿಂದ ತೆಗೆಸಲು 2.5 ಲಕ್ಷ, ಆಮೇಲೆ ಮೂರು ವರ್ಷ ತಿಂಗಳಿಗೆ 15,000 ಕೊಟ್ಟು ಮರಿಗಿಡ ಹೆಕ್ಕುವವರನ್ನು ಇಟ್ಟಿರಿ. ಒಟ್ಟು 7.9 ಲಕ್ಷ, ಸಿಕ್ಕಿದ್ದು 900 ದಿನ. ದಿನಕ್ಕೆ 878 ರೂ. ಒಟ್ಟು ಮೊತ್ತ ಎರಡನೆಯದೇ ಹೆಚ್ಚು, ಆದರೆ ದಿನಕ್ಕೆ 2,786 ದುಡಿಯುವ ಕೆರೆಯಲ್ಲಿ ಮೊದಲನೆಯದು ಕೈಸುಡುತ್ತದೆ, ಎರಡನೆಯದು ಲಾಭ ಕೊಡುತ್ತದೆ. ಟೆಂಡರು ಕರೆಯುವವರು ಮೊತ್ತ ಮಾತ್ರ ನೋಡಿ ಮೊದಲನೆಯದನ್ನೇ ಆರಿಸುವುದು ಕಷ್ಟ ನೋಡಿ.

ಟಿಕೆಟಿನ ಆಚೆಗೂ ನಷ್ಟ ಇದೆ. ಬೋಟು ನಿಂತರೆ ದಂಡೆಯ ಮಿರ್ಚಿಭಜಿ, ಸುಸಲಾ, ಕಬ್ಬಿನ ಹಾಲಿನ ಗಾಡಿಗಳ ವ್ಯಾಪಾರ ಇಳಿಯುತ್ತದೆ. ಇದು ಗುತ್ತಿಗೆದಾರರ ಪುಸ್ತಕದಲ್ಲಿ ಬರುವುದಿಲ್ಲ, ಆದರೆ ಪಾಲಿಕೆ, ನಗರಸಭೆಯವರ ಲೆಕ್ಕದಲ್ಲಿ ಬರಬೇಕು. ಕಳೆಯ ನೆರಳಿನ ನಿಂತ ನೀರು ಸೊಳ್ಳೆಗೆ ತೊಟ್ಟಿಲು, ಸಂಜೆ ಕುಟುಂಬ ಸಮೇತ ಬರುವವರು ಮೊದಲು ಬಿಡುವುದು ಸೊಳ್ಳೆಗೆ ಹೆದರಿ. ಹಸಿರು ಹಾಸನ್ನು ನೆಲ ಎಂದು ಮಕ್ಕಳು ಕಾಲಿಡುವ ಅಪಾಯವಂತೂ ರೂಪಾಯಿಯಲ್ಲಿ ಹೇಳುವಂಥದ್ದಲ್ಲ.

ಕೈಯಿಂದ ತೆಗೆಯುವುದು

ಹತ್ತು–ಹದಿನೈದು ಎಕರೆಯೊಳಗಿನ ಕೆರೆಗೆ ಇದೇ ಮೊದಲ ಆಯ್ಕೆ. ಬೇಕಾದದ್ದು ಎರಡು ಹರಿಗೋಲು, 50–60 ಮೀಟರ್ ನೈಲಾನ್ ಹಗ್ಗ, ಉದ್ದ ಹಿಡಿಯ ಹಲ್ಲುಗೋರೆ, ಗೋಣಿಗಿಂತ ಬಲೆಚೀಲ (ನೀರು ಸೋರುತ್ತದೆ), ಎಲ್ಲರಿಗೂ ಲೈಫ್ ಜಾಕೆಟ್, ಗಂಬೂಟು, ರಬ್ಬರ್ ಕೈಗವಸು. ಕಳೆಯೊಳಗೆ ಗಾಜು, ಜಾಲಿಮುಳ್ಳು, ಹಾವು ಮೂರೂ ಇರುತ್ತವೆ. ಹಗ್ಗವನ್ನು ಹಾಸಿನ ಸುತ್ತ ಬಳಸಿ ಎರಡೂ ತುದಿಯನ್ನು ದಂಡೆಯಿಂದ ನಿಧಾನ ಎಳೆಯುವುದು ಕ್ರಮ. ಜೋರಾಗಿ ಎಳೆದರೆ ಹಗ್ಗ ಹಾಸಿನ ಮೇಲೆ ಹತ್ತಿ ಜಾರಿಬಿಡುತ್ತದೆ.

ಗಾಳಿಯನ್ನು ದುಡಿಸಿಕೊಳ್ಳಿ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಪಶ್ಚಿಮ, ನೈರುತ್ಯದಿಂದ ಬೀಸುವುದರಿಂದ ಕಳೆ ತಾನಾಗಿಯೇ ಪೂರ್ವದ ದಂಡೆಗೆ ಒತ್ತುತ್ತದೆ. ಎತ್ತುವ ಜಾಗ ಪೂರ್ವಕ್ಕಿರಲಿ, ಬೋಟು ಹತ್ತುವ ಕಟ್ಟೆ ಪಶ್ಚಿಮಕ್ಕಿರಲಿ. ಹೊಸದಾಗಿ ಜೆಟ್ಟಿ ಕಟ್ಟುವವರು ಇದೊಂದನ್ನು ಮನಸ್ಸಿಟ್ಟು ಕೇಳಿದರೆ ವರ್ಷದ ಎಷ್ಟೋ ದಿನ ಉಳಿಯುತ್ತವೆ. ಚಳಿಗಾಲದಲ್ಲಿ ಗಾಳಿ ತಿರುಗುತ್ತದೆ, ಆಗ ಕಾವಲಿನವರ ಕಣ್ಣು ಪಶ್ಚಿಮಕ್ಕಿರಬೇಕು.

ಎಷ್ಟು ಆಳು ಬೇಕು ಎಂದು ಅಂದಾಜಿನಲ್ಲಿ ಒಪ್ಪಬೇಡಿ. ನಾಲ್ವರನ್ನು ಒಂದು ದಿನ ಹಚ್ಚಿ, ಎಷ್ಟು ಚದರ ಮೀಟರ್ ತೆರವಾಯಿತು ಅಳೆಯಿರಿ, ಆ ಮೇಲೆ ದರ ಮಾತಾಡಿ.

ಜೆಸಿಬಿ, ಹಿಟಾಚಿ, ಕಳೆ ಕೊಯ್ಯುವ ಯಂತ್ರ

ದಂಡೆಯಿಂದ ಜೆಸಿಬಿ ಕೈಚಾಚುವುದು ಐದಾರು ಮೀಟರ್. ಅದರಾಚೆಯ ಕಳೆಯನ್ನು ಹಗ್ಗದಿಂದ ಎಳೆದು ಕೊಟ್ಟರೆ ಎತ್ತಿ ಹಾಕಲು ಒಳ್ಳೆಯದು. ಒಂಟಿಯಾಗಿ ಬಿಟ್ಟರೆ ದಂಡೆ ಕೆಡಿಸುತ್ತದೆ, ಬಕೆಟ್ಟಿನಲ್ಲಿ ಕಳೆಗಿಂತ ಕೆಸರು ಜಾಸ್ತಿ ಬರುತ್ತದೆ, ಬಾಡಿಗೆ ಮೀಟರು ಓಡುತ್ತಲೇ ಇರುತ್ತದೆ. ಬಕೆಟ್ಟಿಗೆ ಬದಲು ಹಲ್ಲಿರುವ ಜಾಲರಿ ಬಕೆಟ್ ಹಾಕಿಸಿದರೆ ನೀರು, ಕೆಸರು ಅಲ್ಲೇ ಸೋರುತ್ತದೆ.

ತೇಲುವ ಹಾರ್ವೆಸ್ಟರ್ ದೊಡ್ಡ, ತೆರೆದ ನೀರಿಗೆ ನಿಜಕ್ಕೂ ವೇಗದ್ದು. ಆದರೆ ಅದಕ್ಕೆ ಇಳಿಯಲು ಗಟ್ಟಿ ಇಳಿಜಾರು ಬೇಕು, ಕೆಳಗೆ ಮುಕ್ಕಾಲು ಮೀಟರಿನಷ್ಟಾದರೂ ನೀರು ಬೇಕು. ಏಪ್ರಿಲ್–ಮೇನಲ್ಲಿ ನಮ್ಮ ಕೆರೆಗಳಲ್ಲಿ ಅಷ್ಟು ನೀರಿರುವುದು ನಡುವಲ್ಲಿ ಮಾತ್ರ. ಮರಿಗಿಡ ಅಡಗುವುದು ಅದು ತಲುಪದ ಅಂಚಿನಲ್ಲಿ. ಗಣಪತಿ ಮುಳುಗಿಸುವ ಕೆರೆಯಾದರೆ ತಳದಲ್ಲಿ ಮೂರ್ತಿಯ ಕಬ್ಬಿಣದ ತಂತಿ, ಕಟ್ಟಿಗೆ ಚೌಕಟ್ಟು ಇರುತ್ತವೆ. ಅವು ಕಳೆ ಮೇಲೆತ್ತುವ ಪಟ್ಟಿಗೆ (ಕನ್ವೇಯರ್) ಸಿಕ್ಕಿದರೆ ಜಾಲರಿ ಹರಿದು, ಬಿಡಿಭಾಗ ಬರುವ ತನಕ ಯಂತ್ರ ನಿಂತಲ್ಲೇ. ಯಂತ್ರ ಇಳಿಸುವ ಮುನ್ನ ಬೋಟಿನಿಂದ ಕೊಕ್ಕೆ ಎಳೆದು ತಳ ಪರೀಕ್ಷಿಸಿ.

ನೀರಲ್ಲೇ ಕತ್ತರಿಸಿ ಬಿಡುವ ಯಂತ್ರ ತಂದವರನ್ನು ವಾಪಸು ಕಳಿಸಿ. ಬುಡವಿರುವ ತುಂಡುಗಳು ಮತ್ತೆ ಚಿಗುರುತ್ತವೆ, ಉಳಿದವು ಅಲ್ಲೇ ಕೊಳೆತು ನೀರು ನಾರುತ್ತದೆ. ನಾರುವ ನೀರಿನ ಮೇಲೆ ಯಾರು ಟಿಕೆಟ್ ತಗೊಂಡು ಕೂರುತ್ತಾರೆ?

ಔಷಧಿ ಹೊಡೆಯುವುದು

ಕಾಗದದ ಮೇಲೆ ಇದೇ ಅಗ್ಗ. ಈ ಮೂರು ಜಿಲ್ಲೆಯಲ್ಲಿ ಮಾತ್ರ ಇದನ್ನು ಆಯ್ಕೆಯ ಪಟ್ಟಿಯಿಂದಲೇ ತೆಗೆಯುವುದು ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಂತರಗಂಗೆಗೆ ಲೋಕದಲ್ಲೆಲ್ಲ ಬಳಸುವ 2,4-ಡಿ ಅಗಲ ಎಲೆಯ ಗಿಡಗಳನ್ನು ಕೊಲ್ಲುವ ಔಷಧಿ. ನಮ್ಮ ಕೆರೆಗಳ ಸುತ್ತ ಇರುವುದು ತೊಗರಿ, ಹತ್ತಿ. ಎರಡೂ ಅಗಲ ಎಲೆಯವು, ಹತ್ತಿಯಂತೂ ಈ ಔಷಧಿಯ ಗಾಳಿ ಸೋಕಿದರೂ ಎಲೆ ಮುರುಟಿಕೊಳ್ಳುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿ ತೊಗರಿ ಬೆಳೆಯುವ ಹೊಲದ ಪಕ್ಕ ಮಳೆಗಾಲದ ಗಾಳಿಯಲ್ಲಿ ಪಂಪು ಹಿಡಿದು ನಿಲ್ಲುವುದೆಂದರೆ ಪರಿಹಾರದ ಕೇಸು ಕೈಯಾರೆ ಬರೆದುಕೊಂಡಂತೆ. ಇನ್ನೊಂದು ಕಳೆನಾಶಕ ಗ್ಲೈಫೋಸೇಟ್ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತ್ತು.

ಗಾಳಿಯ ತೊಂದರೆ ಇಲ್ಲದ ಕಡೆಯೂ ಇನ್ನೊಂದು ಪೆಟ್ಟು ಕಾದಿರುತ್ತದೆ. ಎಲ್ಲ ಗಿಡ ಒಟ್ಟಿಗೆ ಸತ್ತು ಮುಳುಗಿ ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ, ಮೀನು ಬೆಳಗಿನ ಜಾವ ತೇಲುತ್ತವೆ. ಮೀನು ಹಿಡಿಯುವ ಗುತ್ತಿಗೆ ಇದ್ದ ಕೆರೆಯಾದರೆ ಬೋಟಿಂಗಿನಲ್ಲಿ ಉಳಿಸಿದ್ದು ಮೀನಿನಲ್ಲಿ ಹೋಯಿತು. ಕೊಳೆತದ್ದರ ಸಾರ ತಳದಲ್ಲೇ ಉಳಿದು ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ.

ಮೂತಿಹುಳ

ನಿಯೋಕೆಟಿನಾ ಎಂಬ, ನಾಲ್ಕೈದು ಮಿಲಿಮೀಟರಿನ ಮೂತಿಹುಳ ಅಂತರಗಂಗೆಯನ್ನೇ ತಿಂದು ಬದುಕುತ್ತದೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದನ್ನು ತಂದು, ಬೇರೆ ಬೆಳೆ ಮುಟ್ಟುವುದಿಲ್ಲವೆಂದು ಪರೀಕ್ಷಿಸಿ, ಅಲ್ಲಿನ ಕೆರೆಗಳಿಗೆ ಬಿಟ್ಟರು. ಕೆಲವು ಕೆರೆಗಳಲ್ಲಿ ಎರಡು–ಮೂರು ವರ್ಷಕ್ಕೆ ಹಾಸು ಕುಸಿಯಿತು. 1990ರ ದಶಕದಲ್ಲಿ ಆಫ್ರಿಕದ ವಿಕ್ಟೋರಿಯಾ ಸರೋವರದಲ್ಲೂ ಇದೇ ಹುಳ ಕೆಲಸ ಮಾಡಿತು. ಇವತ್ತು ಕೇಳಬೇಕಾದ ಜಾಗ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ, ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯ.

ಖರ್ಚು ಅತಿ ಕಡಿಮೆ. ಹಾಗಿದ್ದರೆ ಎಲ್ಲರೂ ಇದನ್ನೇ ಯಾಕೆ ಮಾಡುವುದಿಲ್ಲ? ಒಂದನೆಯದು ಸಮಯ: ಒಂದು ತಲೆಮಾರಿಗೇ ಸುಮಾರು ಮೂರು ತಿಂಗಳು, ಬೋಟಿಂಗ್ ಗುತ್ತಿಗೆ ಅಷ್ಟು ಕಾಯುವುದಿಲ್ಲ. ಎರಡನೆಯದು ನಮ್ಮ ಬೇಸಿಗೆ. ಮರಿಹುಳ ತೊಟ್ಟು ಕೊರೆದು ಬುಡಕ್ಕಿಳಿದು, ನೀರಲ್ಲಿ ತೇಲುವ ಬೇರಿನ ಎಳೆಗಳಲ್ಲೇ ಗೂಡು ಕಟ್ಟುತ್ತದೆ. ಮೇ ತಿಂಗಳಲ್ಲಿ ನೀರು ಇಂಗಿ ಗಿಡ ಕೆಸರಿನ ಮೇಲೆ ಕೂತರೆ ಗೂಡು ಕಟ್ಟಲು ಜಾಗವಿಲ್ಲ, ಹುಳದ ಸಂತತಿ ಕುಸಿಯುತ್ತದೆ. ಗಿಡವೋ, ಬೀಜದಿಂದ ಜೂನಿನಲ್ಲಿ ಮತ್ತೆ ಏಳುತ್ತದೆ. ಹಾಗಾಗಿ ಬೇಸಿಗೆಗೆ ಬತ್ತುವ ಸಣ್ಣ ಕೆರೆಗೆ ಹುಳ ದಂಡ. ವರ್ಷವಿಡೀ ನೀರಿರುವ ಜಲಾಶಯದ ಹಿನ್ನೀರಿಗೆ ಇದಕ್ಕಿಂತ ಲಾಭದ್ದು ಇನ್ನೊಂದಿಲ್ಲ.

ಹುಳ ಬಿಟ್ಟ ಮೂಲೆಯನ್ನು ಯಂತ್ರದವರು ಬಳಿದುಕೊಂಡು ಹೋಗದಂತೆ ಬಿದಿರು ನೆಟ್ಟು ಗುರುತು ಮಾಡಿ. ಎಲೆ ಮೇಲೆ 2–4 ಮಿಲಿಮೀಟರಿನ ಕೆರೆದಂಥ ಕಂದು ಚುಕ್ಕೆಗಳು ಹೆಚ್ಚುತ್ತಾ ಹೋದರೆ ಹುಳ ನೆಲೆಯೂರಿದೆ ಎಂದರ್ಥ.

ಬೇಲಿ ಹಾಕಿ ಬೋಟಿಂಗಿನ ಪಾಲು ಮಾತ್ರ ಉಳಿಸಿಕೊಳ್ಳುವುದು

ಇಡೀ ಕೆರೆ ಗೆಲ್ಲಲಾಗದಿದ್ದರೆ ಎರಡು ಎಕರೆ ಗೆಲ್ಲಿ. 110 ಮಿಲಿಮೀಟರಿನ ಎಚ್‌ಡಿಪಿಇ ಪೈಪಿನ ತುದಿ ಮುಚ್ಚಿ, ಅಥವಾ ಖಾಲಿ ಡ್ರಮ್ಮುಗಳನ್ನು ಹಗ್ಗಕ್ಕೆ ಪೋಣಿಸಿ, ಕೆಳಗೆ 30–45 ಸೆಂಟಿಮೀಟರ್ ಬಲೆ ಇಳಿಬಿಡಿ. ಬೇರಿನ ಜುಟ್ಟು ಅದಕ್ಕೆ ತಡೆಯುತ್ತದೆ. ಬಲೆಯ ಕೆಳಗಂಚಿಗೆ ಸರಪಳಿ ತುಂಡು ಕಟ್ಟಿದರೆ ತೇಲಿ ಮೇಲೇಳುವುದಿಲ್ಲ. ಬೇಲಿ ಹರಿವಿಗೆ ಅಡ್ಡ ನೇರವಾಗಿ ಬೇಡ, ಓರೆಯಾಗಿ 45 ಡಿಗ್ರಿಯಷ್ಟಿರಲಿ, ಕಳೆ ಜಾರುತ್ತಾ ಒಂದು ದಂಡೆಗೆ ಸೇರಲಿ, ಅಲ್ಲೇ ಎತ್ತುವ ಜಾಗ. ಅಡ್ಡ ನೇರ ಕಟ್ಟಿದ್ದು ಆಗಸ್ಟ್–ಸೆಪ್ಟೆಂಬರಿನ ಮೊದಲ ದೊಡ್ಡ ಮಳೆಗೆ ಟನ್ನುಗಟ್ಟಲೆ ಕಳೆಯ ಒತ್ತಡಕ್ಕೆ ಹರಿಯುತ್ತದೆ. ತುದಿಗಳನ್ನು ಬಿಗಿಯಾಗಿ ಕಟ್ಟದೆ, ನೀರೇರಿದಂತೆ ಜಾರುವ ಬಳೆಯಲ್ಲಿ ಕಂಬಕ್ಕೆ ಹಾಕಿ.

ಬೇಲಿಯೊಳಗೂ ಮರಿಗಿಡ ನುಸುಳುತ್ತವೆ, ಬೋಟು ಅದಕ್ಕೆ ತಕ್ಕದ್ದಿರಲಿ. ಪೆಡಲ್ ಬೋಟಿನ ಗಾಲಿಗೆ ದಿನಕ್ಕೆರಡು ಸಲ ಕೊಕ್ಕೆ ಹಾಕಿ ಬಿಡಿಸಿ. ಬೋಟಿನ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್ನಿನಲ್ಲಿ ತಂಪಿಗೆ ನೀರು ಹೀರುವ ಜಾಲರಿಗೆ ಬೇರು ಕಟ್ಟಿದರೆ ಹಿಂದಿನಿಂದ ಚಿಮ್ಮುವ ನೀರಿನ ಎಳೆ ತೆಳ್ಳಗಾಗುತ್ತದೆ. ಆಗಲೇ ಎಂಜಿನ್ ನಿಲ್ಲಿಸಿ, ಎತ್ತಿ, ಬಿಡಿಸಿ. ಇನ್ನೊಂದು ಸುತ್ತು ಹೊಡೆಸಿದರೆ ನೀರು ತಳ್ಳುವ ರಬ್ಬರ್ ಚಕ್ರ (ಇಂಪೆಲ್ಲರ್) ಸುಟ್ಟು ಆ ದಿನದ ವಸೂಲಿ ಮೆಕ್ಯಾನಿಕ್ಕಿಗೆ.

ಯಾವ ಕೆರೆಗೆ ಯಾವುದು

ಊರೊಳಗಿನ ಸಣ್ಣ ಕೆರೆಗೆ ಚರಂಡಿ ಸೇರುತ್ತಿದ್ದರೆ ಮೊದಲ ರೂಪಾಯಿ ಚರಂಡಿ ತಿರುಗಿಸಲು ಹೋಗಲಿ. ಅದಾಗುವವರೆಗೆ ಬೇಲಿ, ಕೈಕೆಲಸ ಸಾಕು. ದೊಡ್ಡ ಯಂತ್ರಕ್ಕೆ ಹಾಕಿದ್ದು ನೀರಲ್ಲಿ ಹೋಮ. ಚರಂಡಿ ನಿಂತ ಕೆರೆಗೆ ಫೆಬ್ರುವರಿಯಿಂದ ಮೇ ಒಳಗೆ ಕೈಯಿಂದ ಪೂರ್ತಿ ತೆಗೆಸಿ, ಕಾವಲು ಇಡಿ. ಕಾರಂಜಾ, ಚಂದ್ರಂಪಳ್ಳಿಯಂಥ ದೊಡ್ಡ ನೀರಿನಲ್ಲಿ ಕಳೆ ನೆಲೆಯೂರಿದರೆ ಹಿನ್ನೀರಿಗೆ ಹುಳ, ಬೋಟಿನ ದಾರಿಗೆ ಬೇಲಿ. ಭೀಮೆಯ ಬ್ಯಾರೇಜಿನಲ್ಲಿ ಕಳೆ ಮೇಲಿನಿಂದ ತೇಲಿ ಬರುವುದರಿಂದ ತೆಗೆಯುವುದಕ್ಕೆ ಕೊನೆಯಿಲ್ಲ, ಓರೆ ಬೇಲಿಯೇ ಗತಿ. ಬೋನಾಳದಂಥ ಪಕ್ಷಿಧಾಮದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನೂ ಮಾಡುವಂತಿಲ್ಲ, ಗೂಡು ಕಟ್ಟುವ ಕಾಲದಲ್ಲಿ ಯಂತ್ರದ ಸದ್ದೂ ಬೇಡ. ಅಲ್ಲಿ ಜೊಂಡನ್ನು ಪೂರ್ತಿ ಕೊಯ್ದರೆ ಹಕ್ಕಿಯೂ ಹೋಗುತ್ತದೆ, ಹಕ್ಕಿ ನೋಡುವವರೂ ಹೋಗುತ್ತಾರೆ.

ಕಳೆ ಮಾರಿ ಖರ್ಚು ಹುಟ್ಟಿಸುತ್ತೇವೆ ಎಂದು ಬರುವವರಿಗೆ ತೂಕದ ಲೆಕ್ಕ ತೋರಿಸಿ: 400 ಟನ್ ಒಣಗಿದರೆ ಉಳಿಯುವುದು 20–28 ಟನ್. ಸಗಣಿ ಬೆರೆಸಿ ಎರೆಗೊಬ್ಬರ ಮಾಡಬಹುದು, ಸಾಗಣೆ ಖರ್ಚು ಉಳಿಯುತ್ತದೆ, ಅಷ್ಟೇ. ಚರಂಡಿ ಕೆರೆಯ ಕಳೆ ಲೋಹಗಳನ್ನೂ ಹೀರಿರುತ್ತದೆ, ಅದರ ಗೊಬ್ಬರ ಉದ್ಯಾನದ ಹೂಗಿಡಕ್ಕೆ ಇರಲಿ, ಕಾಯಿಪಲ್ಯಕ್ಕೆ ಬೇಡ.

ಕರಾರು ಬರೆಯುವಾಗ ಟ್ರಾಲಿ ಲೆಕ್ಕದಲ್ಲಿ ಹಣ ಕೊಡಬೇಡಿ. ಹಸಿ ಕಳೆ, ಕೆಸರು ತುಂಬಿ ಟ್ರಿಪ್ ಹೆಚ್ಚುತ್ತವೆ, ಕೆರೆ ಹಾಗೇ ಇರುತ್ತದೆ. ದಂಡೆಯ ನಾಲ್ಕು ಕಡೆ ಕಲ್ಲು ನೆಟ್ಟು, ಅಲ್ಲಿಂದ ಪ್ರತಿ ತಿಂಗಳ 1ನೇ ತಾರೀಕಿಗೆ ಫೋಟೊ ತೆಗೆಯಿರಿ, ತೆರೆದ ನೀರು ಎಷ್ಟಿದೆಯೋ ಅದಕ್ಕೆ ದುಡ್ಡು. ಹಣದ ಮೂರನೇ ಒಂದು ಪಾಲನ್ನು ಹನ್ನೆರಡು ತಿಂಗಳ ನಿರ್ವಹಣೆಗೆ ತಡೆಹಿಡಿಯಿರಿ. ಬೀಜ ಕೆಸರಿನಲ್ಲಿ 20 ವರ್ಷದವರೆಗೂ ಜೀವ ಹಿಡಿದಿರುತ್ತದೆ, ಬೇಸಿಗೆಯಲ್ಲಿ ಬಿಸಿಲು ಕಂಡ ಅಂಚಿಗೆ ಹೊಸ ನೀರು ಬಂದ ಕೂಡಲೇ ಮೊಳೆಯುತ್ತದೆ. ಜೂನಿನ ಮೊದಲ ಹದ ಮಳೆಯಾದ ಮೂರನೇ ವಾರದಿಂದ ಆಗಸ್ಟ್ ಮುಗಿಯುವವರೆಗೆ ವಾರಕ್ಕೆರಡು ಸಲ ಅಂಚು ಸುತ್ತಿ, ಬೆರಳುದ್ದದ ಗಿಡವನ್ನು ಬುಟ್ಟಿಗೆ ಹಾಕುವುದೆಂದು ಕರಾರಿನಲ್ಲೇ ಬರೆಸಿ.